ಎಲ್ಲೂ ಬರೆಯದ ಕಟ್ಟಳೆ

“ನಿಯಮ ಎಲ್ಲಿದೆ, ತೋರಿಸಿ” ಎಂದು ಅಧ್ಯಕ್ಷೆ ಮೂರನೆಯ ಸಲ ಕೇಳಿದರು. ಔಷಧ ಇಲಾಖೆಯ ಅಧಿಕಾರಿ ಬರಿಗೈಯಲ್ಲಿ ನಿಂತಿದ್ದರು.

ಕಚೇರಿಗಳು ತಮ್ಮಷ್ಟಕ್ಕೆ ಮಾಡಿಕೊಳ್ಳುವ ನಿಯಮಗಳನ್ನು ಶಾಸನಸಭೆಯ ಪರವಾಗಿ ಜಾಲಾಡುವ ಸಮಿತಿ ಅದು. ಇಪ್ಪತ್ತೆಂಟು ವರ್ಷ ಅದರ ಫೈಲು ಹೊತ್ತ ಜವಾನ ಬಾಗಿಲ ಬಳಿ ನಿಂತಿದ್ದ. ಇವತ್ತಿನ ಅರ್ಜಿ ಅವನ ಅಕ್ಕನದೇ. ಸೊಂಟ ಮುರಿದುಕೊಂಡು ಮೂರು ತಿಂಗಳು ಮಲಗಿದ್ದಳು. ಎದ್ದು ಹೋಗುವಷ್ಟರಲ್ಲಿ ಔಷಧದ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದ್ದರು. ಸರಕಾರಿ ಕೌಂಟರು ಬಿಟ್ಟು ಬೇರೆಲ್ಲೂ ಸಿಗದ ಎದೆಯ ಗುಳಿಗೆ. ಮೊದಲೇ ಕೂಡಿಟ್ಟದ್ದರಲ್ಲಿ ಮನೆಯಲ್ಲಿ ಉಳಿದದ್ದು ನಾಲ್ಕೇ ದಿನಕ್ಕೆ. ಅದು ತಪ್ಪಿದರೆ ಜೀವಕ್ಕೆ ಭರವಸೆ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಅದು ನಿಯಮ ಅಲ್ಲ ಮೇಡಂ, ಮಾರ್ಗಸೂಚಿ” ಎಂದರು ಅಧಿಕಾರಿ. “ಮೂರು ತಿಂಗಳು ಬರದವರ ಹೆಸರು ಹೊಡೀಬೇಕು. ಹೊಡೆದ ಮೇಲೆ ಅವರು ಬಂದ್ರೂ, ಬಂದಿಲ್ಲ ಅಂತಲೇ ತಿಳೀಬೇಕು.”

“ಬರೆದವರು ಯಾರು?”

“ಯಾರೂ ಬರೆದಿಲ್ಲ. ನಾನು ಕೆಲಸಕ್ಕೆ ಸೇರೋ ಮೊದಲೇ ಇತ್ತು.” ಹಾಗೆನ್ನುತ್ತ ಅವರು ಚಾವಣಿಯ ಎಡಮೂಲೆಯನ್ನು ನೋಡಿದರು.

ಅಧ್ಯಕ್ಷೆ ಸುಮ್ಮನೆ ಬಿಡುವ ಹೆಂಗಸಲ್ಲ. ಅಧಿಕಾರಿಯನ್ನು ಹೊರಗೆ ಕೂರಿಸಿ, ಬೇರೆ ಬೇರೆ ಊರಿನ ಕೌಂಟರುಗಳಿಂದ ಕರೆಸಿದ್ದ ನಾಲ್ವರು ಗುಮಾಸ್ತರನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಾಲ್ವರೂ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಅದನ್ನೇ ಹೇಳಿದರು. ನಾಲ್ವರೂ ಎಡಮೂಲೆ ನೋಡಿದರು. ಜವಾನನೂ ಕತ್ತೆತ್ತಿದ. ಅಲ್ಲಿ ಬಿಳಿ ಸುಣ್ಣ ಬಿಟ್ಟರೆ ಒಂದು ಜೇಡರಬಲೆಯೂ ಇರಲಿಲ್ಲ.

“ಕಾಗದ ಇದ್ದಿದ್ರೆ ರದ್ದು ಮಾಡಬಹುದಿತ್ತು” ಎಂದರು ಹಿರಿಯ ಸದಸ್ಯರೊಬ್ಬರು, ದನಿ ತಗ್ಗಿಸಿ. “ಇಲ್ಲದ್ದನ್ನ ಹೇಗೆ ಹರಿಯೋದು?”

“ಆ ಅಮ್ಮನ್ನೇ ಕರೀರಿ. ಅವರು ಬದುಕಿದ್ದಾರೆ, ಇಲ್ಲಿಗೆ ಬಂದಿದ್ದಾರೆ ಅಂತ ನಮ್ಮ ಕಡತದಲ್ಲಿ ದಾಖಲಾಗಲಿ. ಆಮೇಲೆ ಗುಳಿಗೆ ಹೇಗೆ ಕೊಡಲ್ಲ ನೋಡೋಣ” ಎಂದರು ಅಧ್ಯಕ್ಷೆ.

ಅಕ್ಕ ಊರುಗೋಲು ಊರಿಕೊಂಡು ಬಂದು ಕುಳಿತಳು. “ಆರು ಸಲ ಹೋದೆ ತಾಯಿ. ನನ್ನ ಹಿಂದೆ ನಿಂತವರನ್ನ ಮಾತಾಡಿಸ್ತಾರೆ, ನನ್ನನ್ನಲ್ಲ. ಸತ್ತರೆ ನಾಲ್ಕು ಜನ ಬಂದು ಮುಖನಾದ್ರೂ ನೋಡ್ತಾರೆ. ಇವರು ಅದನ್ನೂ ನೋಡಲ್ಲ.” ಸದಸ್ಯರು ನಕ್ಕರು. ಅವಳು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಜವಾನನ ಎದೆ ಹಗುರಾಯಿತು.

“ಎಲ್ಲಾ ಬರ್ಕೊಂಡ್ರಾ?” ಅಧ್ಯಕ್ಷೆ ನಡಾವಳಿ ಬರೆಯುವವನತ್ತ ತಿರುಗಿದರು.

ಅವನ ಹಾಳೆ ಖಾಲಿ ಇತ್ತು. “ಇನ್ನೂ ಯಾರೂ ಮಾತಾಡಿಲ್ವಲ್ಲ ಮೇಡಂ” ಎಂದ, ವಿನಯದಿಂದಲೇ.

ಇವನಿಗೂ ಆ ಕಟ್ಟಳೆ ಹಿಡಿಯಿತಲ್ಲಪ್ಪ ಎಂದುಕೊಂಡ ಜವಾನ. ಅಕ್ಕನ ತುಟಿ ಒಣಗಿತ್ತು. “ತಮ್ಮಾ, ಒಂದು ಲೋಟ ನೀರು ಕೊಡೋ” ಎಂದಳು.

ಅವನು ಓಡಿದ. ತಟ್ಟೆಯ ತುಂಬ ಲೋಟ ಜೋಡಿಸಿಕೊಂಡು ಬಂದು ಅಧ್ಯಕ್ಷೆಗೆ ಕೊಟ್ಟ, ಸದಸ್ಯರಿಗೆ ಕೊಟ್ಟ, ನಡಾವಳಿ ಬರೆಯುವವನಿಗೂ ಕೊಟ್ಟ. ಎಲ್ಲರಿಗೂ ಸರಿಹೋಯಿತು ಎಂದು ಸಮಾಧಾನಪಟ್ಟು, ಬರಿದಾದ ತಟ್ಟೆಯನ್ನು ಕಂಕುಳಿಗಿಟ್ಟುಕೊಂಡು ಬಾಗಿಲ ಬಳಿ ನಿಂತ.

ಊರುಗೋಲು ಒರಗಿಸಿದ್ದ ಕುರ್ಚಿಯಿಂದ ಚಾಚಿದ ಕೈ ಹಾಗೇ ಚಾಚಿಕೊಂಡಿತ್ತು.