ಇಬ್ಬರಿಗೆ ಒಬ್ಬ

ಇಬ್ಬರು ಬ್ಯಾಟ್ಸ್‌ಮನ್‌ಗಳನ್ನು ಕೊಟ್ಟು ಒಬ್ಬ ಬೌಲರ್‌ನನ್ನು ತರುತ್ತೇನೆ ಎಂದು ಮೂರ್ತಪ್ಪ ಮೇಷ್ಟ್ರು ಹೇಳಿದಾಗ ಹೊಳಲ್ಕೆರೆ ಕ್ರಿಕೆಟ್ ಕ್ಲಬ್ಬಿನವರೆಲ್ಲ ಬಾಯಿ ಬಿಟ್ಟುಕೊಂಡು ಕೂತರು. ಆ ಇಬ್ಬರಲ್ಲಿ ಒಬ್ಬ ಮೇಷ್ಟ್ರ ಸ್ವಂತ ಮಗ.

ಮೂರ್ತಪ್ಪನವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಕ್ಲಬ್ಬಿನ ಕಾರ್ಯದರ್ಶಿ. ಹತ್ತು ವರ್ಷದ ಹಿಂದೆ ವರ್ಗವಾಗಿ ಊರಿಗೆ ಬಂದವರು. ಮಾತು ಕಡಿಮೆ, ಹಟ ಜಾಸ್ತಿ. ೧೯೭೪ರ ಆ ದಿನಗಳಲ್ಲಿ ತಾಲ್ಲೂಕು ತಂಡಗಳ ನಡುವೆ ಒಂದು ನಿಯಮವಿತ್ತು. ಯಾವ ತಾಲ್ಲೂಕಿಗೆ ಆಡುತ್ತಾನೋ ಆಟಗಾರ ಅಲ್ಲೇ ವಾಸವಿರಬೇಕು. ಹಿರಿಯೂರಿಗೆ ಆಡುವವನಿಗೆ ಮನೆ, ಕೆಲಸ ಎಲ್ಲ ಹಿರಿಯೂರಿನಲ್ಲೇ.

ಕ್ಯಾಪ್ಟನ್ ಹಾಲಸ್ವಾಮಿ ತಕರಾರು ತೆಗೆದ. ಆರಂಭದ ಜೋಡಿಯೇ ಹೋದರೆ ರನ್ ಹೊಡೆಯುವವರು ಯಾರು ಎಂದು ಕೇಳಿದ. ಮೇಷ್ಟ್ರ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೋದ ವರ್ಷ ಮೂರು ಪಂದ್ಯಗಳಲ್ಲಿ ನೂರೈವತ್ತರ ಮೇಲೆ ಹೊಡೆದೆವು, ಮೂರನ್ನೂ ಸೋತೆವು. ಹೊಸ ಚೆಂಡು ಹಿಡಿದು ಎದುರಿನವರ ಕಾಲು ನಡುಗಿಸುವ ಒಬ್ಬನೂ ನಮ್ಮಲ್ಲಿಲ್ಲ. ಹಿರಿಯೂರಿನ ಚಿಕ್ಕತಿಮ್ಮಪ್ಪ ಬಂದರೆ ನೂರು ರನ್ನೇ ಸಾಕು ಎಂದರು.

ಚಿಕ್ಕತಿಮ್ಮಪ್ಪನಿಗೆ ಹತ್ತೊಂಬತ್ತು ವರ್ಷ. ಕುರಿ ಸಾಕುವ ಮನೆಯ ಒಬ್ಬನೇ ಮಗ. ಬೆಟ್ಟದ ಕಡೆಯಿಂದ ಓಡಿಬಂದವನಂತೆ ಬಂದು ಚೆಂಡು ಎಸೆಯುತ್ತಿದ್ದ. ಹೋದ ವರ್ಷ ಮೇಷ್ಟ್ರ ಮಗನನ್ನು ಎರಡನೇ ಎಸೆತಕ್ಕೇ ಔಟು ಮಾಡಿದ್ದ. ಮಗನ ಹೆಸರು ದೊಡ್ಡತಿಮ್ಮಪ್ಪ. ದೊಡ್ಡತಿಮ್ಮಪ್ಪನನ್ನು ಚಿಕ್ಕತಿಮ್ಮಪ್ಪ ಮನೆಗೆ ಕಳಿಸಿದ ಎಂದು ಮೈಕಿನವನು ಕೂಗಿದಾಗ ಮೈದಾನವೆಲ್ಲ ನಕ್ಕಿತ್ತು. ತಿಮ್ಮಪ್ಪನೇ ಮನೆದೇವರಾದವರು ತುಂಬಿರುವ ಸೀಮೆ ಇದು, ಬೀದಿಯಲ್ಲಿ ಆ ಹೆಸರು ಹಿಡಿದು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಅವತ್ತು ಮೇಷ್ಟ್ರು ಮಾತ್ರ ನಗಲಿಲ್ಲ. ಮಗ ಸೊನ್ನೆಗೆ ಔಟಾದ ಸಂಕಟ ಎಂದು ಜನ ಅಂದುಕೊಂಡರು.

ಹಿರಿಯೂರಿನ ಕಾರ್ಯದರ್ಶಿ ಜಂಪಣ್ಣ ಎಣ್ಣೆ ಮಿಲ್ಲಿನ ಯಜಮಾನ, ಪಕ್ಕಾ ವ್ಯವಹಾರಸ್ಥ. ಮೊದಲು ಆರಂಭದ ಜೋಡಿಯ ಇನ್ನೊಬ್ಬ, ಗುಡ್ಡಪ್ಪನನ್ನು ಮಾತ್ರ ಕೊಡುತ್ತೇವೆಂದಾಗ ಅವನು ಜಗ್ಗಿರಲಿಲ್ಲ. ದೊಡ್ಡತಿಮ್ಮಪ್ಪನೂ ಬೇಕು, ಇಬ್ಬರಿಗೂ ಮಿಲ್ಲಿನಲ್ಲಿ ಕೆಲಸ ಕೊಡುತ್ತೇನೆ ಎಂದು ಕಾಗದ ಬರೆದಿದ್ದ. ಕೆಲಸವಿಲ್ಲದೆ ಅಲೆಯುತ್ತಿದ್ದ ಗುಡ್ಡಪ್ಪ ಕುಣಿದಾಡಿಬಿಟ್ಟ. ಮಗ ಅಪ್ಪನ ಮುಖ ನೋಡುತ್ತ ನಿಂತ. ನೀವು ಹೋಗು ಅಂದರೆ ಹೋಗುತ್ತೇನೆ ಎಂದ. ಮೇಷ್ಟ್ರಿಗೆ ಮೂರು ದಿನ ಅನ್ನ ಸೇರಲಿಲ್ಲ.

ಹೆಂಡತಿ ಏಕಾಂತಮ್ಮ ರೊಟ್ಟಿ ತಟ್ಟುತ್ತಿದ್ದಾಗ ಮೇಷ್ಟ್ರು ವಿಷಯ ತೆಗೆದರು. ಅವಳ ತವರು ಹಿರಿಯೂರಿನ ಕಡೆಯೇ. ಅಣ್ಣನ ಮನೆಯ ಹೊಸ್ತಿಲು ತುಳಿಯದೆ ಎಷ್ಟೋ ವರ್ಷವಾಗಿತ್ತು. ಪಿಚ್ಚಿಗೆ ಹಾಸುವ ಮ್ಯಾಟಿಗೆಂದು ಅವಳ ಕೊರಳ ಸರವನ್ನೂ ಗಂಡ ಒಮ್ಮೆ ಒಯ್ದಿದ್ದುಂಟು.

“ಕೊಡಾದೇನು ನಿಮಗೆ ಹೊಸದಾ?” ಎಂದಳು.

ಮೇಷ್ಟ್ರು ತಲೆ ಎತ್ತಲಿಲ್ಲ. ಮಗ ಹಬ್ಬಹುಣ್ಣಿಮೆಗೆ ಬಂದೇ ಬರುತ್ತಾನೆ ಎಂದು ಸಮಾಧಾನ ಹೇಳಿದರು. ಭಾನುವಾರ ಆಟಗಾರರೆಲ್ಲ ನಮ್ಮ ಮನೆಯಲ್ಲೇ ಉಣ್ಣುವುದು ಪದ್ಧತಿ, ಆ ಬೌಲರ್ ಹುಡುಗನಿಗೂ ನೀನೇ ಬಡಿಸುವೆಯಂತೆ ಎಂದರು. ರೊಟ್ಟಿಯ ಮೇಲೆ ಅವಳ ಕೈ ನಿಂತಿತು. ಹೀಗೆಲ್ಲ ಕೇಳುವುದು ಸರಿಯೇ ಎಂದು ಮೆಲ್ಲಗೆ ಕೇಳಿದಳು.

“ನಾನು ಕೇಳ್ತಿಲ್ಲ ಕಣೇ. ಕ್ಲಬ್ ಕೇಳ್ತೈತೆ.”

ಅವಳು ಮಗನ ಬಟ್ಟೆ ಮಡಿಸಿ ಟ್ರಂಕಿಗೆ ತುಂಬುವಾಗ ಅತ್ತಳು. ಅಳುತ್ತಲೇ ಒಂದು ಸೇರು ಹುರಿಗಡಲೆ ಉಂಡೆ ಕಟ್ಟಿದಳು. ಅರ್ಧ ಮಗನ ಟ್ರಂಕಿನಲ್ಲಿಟ್ಟು ಅರ್ಧ ಡಬ್ಬಿಯಲ್ಲಿ ಉಳಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡೂ ಕಡೆಯವರು ಸೇರಿದರು. ಕಾಗದಕ್ಕೆ ಜಂಪಣ್ಣ ಸಹಿ ಹಾಕಿದ, ಮೇಷ್ಟ್ರೂ ಹಾಕಿದರು. ಬೌಲರ್‌ನದೊಂದು ಸಹಿ ಬಾಕಿ. ಜಂಪಣ್ಣ ಕೈ ತೊಳೆಯಲು ಎದ್ದುಹೋದ.

ಮೇಷ್ಟ್ರು ಎದುರಿಗೆ ಕೂತಿದ್ದ ಹುಡುಗನಿಗೆ ಅವಸರದಲ್ಲಿ ಎಲ್ಲ ಹೇಳಿದರು. ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ ನೋಡಿದ್ದೇನೆ, ಪೇಟೆಯಲ್ಲಿ ಕೋಣೆ ಹಿಡಿದಿದ್ದೇನೆ, ಊಟಕ್ಕೆ ನಮ್ಮ ಮನೆಯೇ ಇದೆ. ಊಟದ ಮಾತನ್ನು ಎರಡು ಸಲ ಹೇಳಿದರು. ಚಿಕ್ಕತಿಮ್ಮಪ್ಪ ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ದೊಡ್ಡತಿಮ್ಮಪ್ಪ ಟ್ರಂಕಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಹಿರಿಯೂರಿನ ಬಸ್ಸು ಆಗಲೇ ಬಂದು ನಿಂತಿತ್ತು.

“ಬ್ಯಾಡ ಮೇಷ್ಟ್ರೇ,” ಎಂದ ಹುಡುಗ, ಕಾಗದ ಮಡಿಸಿ ಅವರತ್ತ ಸರಿಸುತ್ತ.

ಏನು ಕಡಿಮೆಯಾಯಿತು, ಇನ್ನೇನು ಬೇಕು ಹೇಳು ಎಂದು ಮೇಷ್ಟ್ರು ಅಂಗಲಾಚಿದರು. ಇಷ್ಟು ದೊಡ್ಡ ಮನುಷ್ಯ ಒಬ್ಬ ಬೌಲರ್‌ಗಾಗಿ ಹೀಗೆ ಗೋಗರೆಯುವುದನ್ನು ಹೋಟೆಲಿನವರೆಲ್ಲ ನೋಡಿದರು. ಹುಡುಗ ಎದ್ದು ನಿಂತ. ಬಗ್ಗಿ ಅವರ ಕಾಲು ಮುಟ್ಟಿ, ಅವರಿಗಷ್ಟೇ ಕೇಳಿಸುವಂತೆ ಹೇಳಿದ.

“ತೊಟ್ಟಿಲಲ್ಲಿದ್ದಾಗ ನನ್ನನ್ನ ಮಾವಂಗೆ ದತ್ತು ಕೊಟ್ರಿ, ಕೊಟ್ಟಿದ್ದು ಅಷ್ಟು ಸಾಕು. ಅಣ್ಣನ್ನ ಮನೆಗೆ ಕರ್ಕಂಡು ಹೋಗ್ರಿ, ಅಪ್ಪಾ.”