ಖರ್ಜೂರಕ್ಕೊಂದು ಜಾಮೀನು

ಉಮ್ ಸಬ್ರಿ ಕೋಳಿಗೂಡಿನ ಹಿಂದಿನಿಂದ ಕೊಡಲಿ ಹುಡುಕಿ ತರುವ ಹೊತ್ತಿಗೆ ಹಿಶಾಮ್ ತನ್ನ ತಂಗಿಯ ಎರಡು ಪೆಟ್ಟಿಗೆಗಳನ್ನೂ ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿದಿದ್ದ. ತಂಗಿ ಬುತೈನಾ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಗಂಡ ಸಬ್ರಿ ಸತ್ತು ಹಿಂದಿನ ದಿನಕ್ಕೆ ನಾಲ್ಕು ತಿಂಗಳು ಹತ್ತು ದಿನ ತುಂಬಿತ್ತು. ವಿಧವೆ ಹೊಸ್ತಿಲು ದಾಟಬಾರದ ಅವಧಿ ತೀರಿತ್ತು. ಅಣ್ಣ ಜುಬೈರ್ ಊರಿನಲ್ಲಿ ಗಂಡು ನೋಡಿಟ್ಟಿದ್ದ. ಅತ್ತೆ ಉಮ್ ಸಬ್ರಿಯೂ, ಚಿಕ್ಕ ವಯಸ್ಸು, ಹೋಗು ಎಂದಿದ್ದಳು. ಬುತೈನಾ ಇಬ್ಬರಿಗೂ ‘ಹೂಂ’ ಎಂದಿದ್ದಳು. ನಾಲ್ಕು ತಿಂಗಳಿಂದ ಅವಳು ಎಲ್ಲದಕ್ಕೂ ‘ಹೂಂ’ ಎನ್ನುತ್ತಿದ್ದಳು. ಚಹಾ ಬೇಕಾ ಎಂದರೂ, ಚಹಾ ಆರಿಹೋಯಿತು ಎಂದರೂ.

“ಏನು ಖಾಲಾ, ನನ್ನನ್ನ ಕಡಿದು ಕಳಿಸ್ತೀರಾ?” ಹಿಶಾಮ್ ನಕ್ಕ.

“ನಿನ್ನ ಕಡಿದ್ರೆ ಒಲೆಗೂ ಬರಲ್ಲ. ಕೊಡಲಿ ಇವಳಿಗೆ.”

ಅವಳು ತೋರಿಸಿದ್ದು ತೊಟ್ಟಿಯ ಪಕ್ಕದ ಖರ್ಜೂರದ ಮರವನ್ನು. ಎಂಟು ವರ್ಷದ ಹಿಂದೆ ಸಬ್ರಿ ತಾಯಿಮರದಿಂದ ಬಿಡಿಸಿ ತಂದು ನೆಟ್ಟ ಕಂದು. ಅದರ ಜೊತೆಗೇ ಪಕ್ಕದ ಮನೆಯವರು ನೆಟ್ಟದ್ದು ಆಗಲೇ ಮೂರು ಸುಗ್ಗಿ ಕಂಡಿತ್ತು. ಇದು ಒಂದು ಹೊಂಬಾಳೆಯನ್ನೂ ಹೊರಗೆ ಹಾಕಿರಲಿಲ್ಲ. ಫಲ ಬಿಡದ ಮರವನ್ನು ಚಳಿ ಇಳಿಯುವ ಹೊತ್ತಿಗೆ ಬೆದರಿಸುವುದು ಆ ನದಿದಂಡೆಯ ರೂಢಿ. ಒಬ್ಬರು ಕಡಿಯಲು ಬರಬೇಕು, ಇನ್ನೊಬ್ಬರು ಅಡ್ಡ ಬಂದು ಜಾಮೀನು ನಿಲ್ಲಬೇಕು. ಕಳೆದೆರಡು ವರ್ಷ ಸಬ್ರಿ ಕೊಡಲಿ ಹಿಡಿದಿದ್ದ, ತಾಯಿ ಅಡ್ಡ ಬಂದಿದ್ದಳು.

“ಜಾಮೀನಿಗೆ ನಾನಿದೀನಲ್ಲ,” ಎಂದ ಹಿಶಾಮ್. “ಬೇಗ ಹೆದರಿಸಿ ಮುಗಿಸಿ. ಬಸ್ರಾ ದಾಟೋಷ್ಟರಲ್ಲಿ ಚೆಕ್‌ಪೋಸ್ಟಲ್ಲಿ ಸಾಲು ನಿಂತಿರುತ್ತೆ.”

“ನೀನಾ? ಜಾಮೀನು ನಿಂತೋರು ಗೊನೆ ಇಳಿಯೋವರೆಗೂ ಈ ಮನೆ ಬಿಟ್ಟು ಹೋಗೋ ಹಾಗಿಲ್ಲ. ಇರ್ತೀಯಾ? ಹೆಂಡತಿ ಬಿಡ್ತಾಳಾ?”

“ಅವಳು ಖುಷಿಯಾಗಿ ಬಿಟ್ಟಾಳು. ಸುಮ್ನೆ ಬಾಯಿಮಾತಿಗೆ ಅಂದ್ರೆ ಸಾಲದಾ? ಮರಕ್ಕೇನು ಗೊತ್ತಾಗುತ್ತೆ?”

“ಖರ್ಜೂರ ಅಂದ್ರೆ ನಮಗೆಲ್ಲ ಸೋದರತ್ತೆ ಅಂತಾರೆ ಕಣಯ್ಯ. ಸೋದರತ್ತೆಗೆ ಸುಳ್ಳು ಗೊತ್ತಾಗಲ್ವಾ?”

“ಹಾಗಾದ್ರೆ ಈ ವರ್ಷ ಬಿಟ್ಬಿಡಿ.”

ಉಮ್ ಸಬ್ರಿ ಬಿಡಲಿಲ್ಲ. ಅಬಾಯಾವನ್ನು ಸೊಂಟಕ್ಕೆ ಬಿಗಿದು ಮರದ ಎದುರು ನಿಂತು, ಎಲ್ಲರೂ ಹೇಳುವ ಮಾತನ್ನೇ ಹೇಳಿದಳು. “ಎಷ್ಟು ವರ್ಷ ಆಯ್ತು? ನೀರು ಕುಡಿದೆ, ಗೊಬ್ಬರ ತಿಂದೆ. ಮಡಿಲು ತುಂಬಲಿಲ್ಲ. ನಿನ್ನನ್ನ ಯಾಕೆ ಇಟ್ಕೋಬೇಕು?” ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಒಂದು ಪೆಟ್ಟು. ಬುತೈನಾ ತಲೆ ಎತ್ತಿದಳು. ಮದುವೆಯಾದ ಐದು ವರ್ಷದಲ್ಲಿ ಇವೇ ಮಾತುಗಳನ್ನು ತನ್ನ ಬಗ್ಗೆ ನೆಂಟರ ಬಾಯಲ್ಲಿ ಕೇಳಿದ್ದಳು. ಅತ್ತೆಯ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಎರಡನೆಯ ಪೆಟ್ಟೂ ಹಿಂಬದಿಯಿಂದಲೇ ಬಿತ್ತು. ಅಷ್ಟರಲ್ಲಿ ಯಾರಾದರೂ ಅಡ್ಡ ಬರಬೇಕಿತ್ತು. ಯಾರೂ ಬರಲಿಲ್ಲ.

“ನದಿ ಉಪ್ಪಾದ ಬೇಸಿಗೇಲಿ ನಾವು ಮುಖ ತೊಳೀಲಿಲ್ಲ,” ಎಂದಳು ಉಮ್ ಸಬ್ರಿ. ರೂಢಿಯ ಮಾತು ಮುಗಿದಿತ್ತು, ದನಿ ಬೇರೆಯಾಗಿತ್ತು. “ಟ್ಯಾಂಕರಿನ ಸಿಹಿನೀರನ್ನ ಅವನು ಹೊತ್ತು ತಂದು ನಿನ್ನ ಬುಡಕ್ಕೆ ಸುರಿದ. ಬೆನ್ನು ಬಗ್ಗಿಸೋಕೆ ಆಗಲ್ಲ ಅಂತಿದ್ದೋನು ಮಾರನೇ ದಿನ ಮತ್ತೆ ಸುರಿದ. ಒಂದು ಹಣ್ಣು, ಒಂದೇ ಒಂದು ಹಣ್ಣು ಅವನ ಬಾಯಿಗೆ ಹಾಕೋಕೆ ಆಗ್ಲಿಲ್ವಾ ನಿನಗೆ?”

ಕೊಡಲಿ ಅವಳ ಕೈಯಲ್ಲಿ ತಿರುಗಿತು. ಮೂರನೆಯ ಪೆಟ್ಟು ಅಲಗಿನಿಂದ ಬಿತ್ತು. ಅಂಗೈಯಗಲದ ಚಕ್ಕೆ ಹಾರಿ ಹಿಶಾಮನ ಕಾಲ ಬಳಿ ಬಿತ್ತು.

“ಖಾಲಾ, ಸಾಕು.” ಅವನ ನಗು ನಿಂತಿತ್ತು. “ನಿಜವಾಗ್ಲೂ ಕಡೀತಿದೀರಲ್ಲ!”

“ಮತ್ತೆ? ಸುಳ್ಳು ಕಡಿಯೋಕೆ ಬಂದೆ ಅಂದ್ಕೊಂಡ್ಯಾ?”

ಕೊಡಲಿ ಮತ್ತೆ ಮೇಲೆದ್ದಿತು. ಅದು ಇಳಿಯುವ ಮೊದಲು ಬುತೈನಾ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳು ಯಾವಾಗ ಎದ್ದಳೋ, ಹೇಗೆ ಅಂಗಳ ದಾಟಿದಳೋ ಇಬ್ಬರೂ ನೋಡಲಿಲ್ಲ. ಒಂದು ಕಾಲಿನ ಚಪ್ಪಲಿ ಮೆಟ್ಟಿಲ ಬಳಿಯೇ ಬಿದ್ದಿತ್ತು.

“ಬಿಡಿ ಅತ್ತೆ.” ಎರಡೂ ಕೈ ಹಿಂದೆ ಚಾಚಿ ಬೊಡ್ಡೆಯನ್ನು ಹಿಡಿದುಕೊಂಡಳು. “ಈ ವರ್ಷ ಬಿಡಿ. ನಾನು ಜಾಮೀನು.”

“ಬುತೈನಾ, ಇದು ಆಟ ಕಣೇ!” ಹಿಶಾಮ್ ಮುಂದೆ ಬಂದ. “ಬಾ, ಗಾಡಿ ಹತ್ತು. ಗಂಡಿನವರಿಗೆ ಮಾತು ಕೊಟ್ಟು ಬಂದಿದೀನಿ.”

“ಅದು ನೀನು ಕೊಟ್ಟ ಮಾತು, ಅಣ್ಣ.”

ಹಿಶಾಮ್ ಗಾಡಿಯ ಕಡೆ ನೋಡಿದ, ತಂಗಿಯ ಕಡೆ ನೋಡಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡ, ಮತ್ತೆ ಹೊರಗೆ ತೆಗೆದ.

ಕೊಡಲಿ ಇನ್ನೂ ಮೇಲೆಯೇ ಇತ್ತು.

“ಈ ವರ್ಷಾನೂ ಹೊಂಬಾಳೆ ಬರದೇ ಹೋದ್ರೆ?” ಎಂದು ಕೇಳಿದಳು ಉಮ್ ಸಬ್ರಿ.

“ಮುಂದಿನ ವರ್ಷಕ್ಕೂ ನಾನೇ.”

ಕೊಡಲಿ ನಿಧಾನವಾಗಿ ಕೆಳಗಿಳಿಯಿತು. ಉಮ್ ಸಬ್ರಿ ಅದನ್ನು ನೆಲಕ್ಕೆ ಹಾಕಿ, ಸೊಸೆಯ ಪಕ್ಕದಲ್ಲೇ ಕೈಚಾಚಿ, ಮರದ ಹಸಿ ಗಾಯದ ಮೇಲೆ ಅಂಗೈ ಊರಿದಳು. ಯಾರ ಮುಖವನ್ನೂ ನೋಡದೆ ಸೊಸೆಗೆ ಹೇಳಿದಳು:

“ಸುಮ್ನೆ ನಿಂತಿರಬೇಡ ಮತ್ತೆ. ನೀರು ತಾ. ಇವಳು ತುಂಬಾ ಹೆದರಿದಾಳೆ.”