ಬೆರಳಿನ ಬೆವರು

"ಮುಟ್ಟಬ್ಯಾಡ್ರಿ ಕಾಕಾ!" ಎಂದು ಪ್ರಮಿತಾ ಕೂಗಿಬಿಟ್ಟಳು. ಕಪ್ಪು ಬಿಲ್ಲೆಯತ್ತ ಚಾಚಿದ್ದ ಹಣಮಪ್ಪನ ಬೆರಳು ಅಲ್ಲೇ ನಿಂತಿತು.

ಅವಳ ಮನಸ್ಸಿನಲ್ಲಿ ಇದ್ದದ್ದು ಬಿಲ್ಲೆಯೊಂದೇ. ಉಕ್ಕಿನ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಇಂಗಾಲದ ಲೇಪ ಕೊಟ್ಟಿದ್ದಳು. ತೇವವಿಲ್ಲದ ಕಡೆ ಅದು ಘರ್ಷಣೆಯೇ ಇಲ್ಲವೇನೋ ಎಂಬಂತೆ ಜಾರುತ್ತಿತ್ತು. ಬೆರಳಿನ ಬೆವರು ತಾಕಿದರೆ ಮುಂದಿನ ಪರೀಕ್ಷೆ ಕೆಡುತ್ತದೆ. ಆದರೂ ಅದನ್ನು ಪ್ರಯೋಗಾಲಯದಿಂದ ವಾಡಿ ಊರಿನ ತನ್ನ ಮನೆಗೆ ತಂದದ್ದು ಹಣಮಪ್ಪನಿಗೆ ತೋರಿಸಲೆಂದೇ. ಅಪ್ಪನ ಗೆಳೆಯನಾದ ಈ ಫಿಟರ್, ಅವಳು ಚಿಕ್ಕವಳಿದ್ದಾಗ ಮನೆಯ ಬಿಗಿದ ಕೀಲಿಯೊಳಗೆ ಪೆನ್ಸಿಲ್ ಪುಡಿ ಊದಿ, "ಎಣ್ಣಿ ಹಾಕಿದ್ರ ಧೂಳು ಹಿಡೀತದವ್ವಾ, ಇದು ಹಿಡ್ಯಂಗಿಲ್ಲ" ಎಂದಿದ್ದ. ಅವಳಿಗೆ ಈ ವಿದ್ಯೆಯ ಹುಚ್ಚು ಹತ್ತಿದ್ದು ಅಂದೇ.

ಅಂದು ಆತ ಹೊಸ್ತಿಲ ಆಚೆಯೇ ನಿಂತಿದ್ದ. "ಏನೂ ಮುಟ್ಟಬ್ಯಾಡೋ" ಎಂದು ಅಜ್ಜಿ ಒಳಗಿನಿಂದ ಕೂಗಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಅಪ್ಪನೇ ಕೈಹಿಡಿದು ಆತನನ್ನು ಒಳಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಇದೆಲ್ಲ ಪ್ರಮಿತಾಗೆ ನೆನಪಾದದ್ದು ಮಾತು ಬಾಯಿ ದಾಟಿದ ಮೇಲೆ.

"ಬೆವರು ಹತ್ತಬಾರದಂತ ಅಂದೆ ಕಾಕಾ, ಬ್ಯಾರೆ ಏನಿಲ್ರಿ. ಕೆಟ್ರ ಕೆಡ್ಲಿ, ಮುಟ್ರಿ," ಎಂದು ಬಿಲ್ಲೆಯನ್ನು ಆತನ ಮುಂದೆ ಹಿಡಿದಳು.

"ಗೊತ್ತದವ್ವಾ, ಗೊತ್ತದ. ಭಾಳ ಚಂದ ಮಾಡೀದಿ," ಎಂದು ಹಣಮಪ್ಪ ನಕ್ಕ. ಕೈ ಮಾತ್ರ ಮುಂದೆ ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಚಹಾ ತಂದಿಟ್ಟಳು. ಇಷ್ಟು ವರ್ಷ ಈ ಮನೆಯಲ್ಲಿ ಲೋಟ ಕಚ್ಚಿ ಕುಡಿಯುತ್ತಿದ್ದ ಹಣಮಪ್ಪ, ಇಂದು ಅದನ್ನು ಮೇಲೆತ್ತಿ, ತುಟಿಗೆ ತಾಗಿಸದೆ, ಸುಡುವ ಚಹಾವನ್ನು ಬಾಯಿಗೆ ಸುರಿದುಕೊಂಡ.